ಮಿಸ್ ಥಾರ್ನ್ ಮಾತಾಡದ ಸಂಜೆ

ಕಳೆದ ಭಾನುವಾರ ಬೇಳೆಸಾರಿಗೆ ಒಗ್ಗರಣೆ ಇಟ್ಟಾಗ ಫೋನ್ ಬಂತು. ಮಾತಿಗೆ ನಿಂತೆ, ಮೆಣಸಿನಕಾಯಿ ಸೀದುಹೋಯಿತು. ಟೂಟಿಂಗ್‌ನ ಅಂಗಡಿಯಲ್ಲಿ ಆ ವಾರ ಬ್ಯಾಡಗಿ ಮುಗಿದಿತ್ತೆಂದು ಗುಂಟೂರಿನದು ತಂದಿದ್ದೆ. ಘಾಟು ಮನೆಯೆಲ್ಲ ತುಂಬಿ ಸ್ಮೋಕ್ ಅಲಾರ್ಮ್ ಕೂಗತೊಡಗಿತು. ಮಗಳು ಮೇಘಾ ಕೆಮ್ಮುತ್ತ ಮೆಟ್ಟಿಲಿಳಿದು ಬಂದು, ಟವೆಲ್ ಬೀಸುತ್ತ, "ಮಮ್, ಓಪನ್ ದ ಬ್ಯಾಕ್ ಡೋರ್" ಅಂದಳು. ನಾನು ಬಾಗಿಲು ತೆಗೆದು ಹಿತ್ತಲ ಚಳಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಆರು ವರ್ಷದಿಂದ ಈ ಘಾಟು ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಚಳಿಗಾಲ, ಸಟನ್ ಹತ್ತಿರದ ಒಂದು ಲೈಬ್ರರಿಯ ಮೇಲಂತಸ್ತು, ಮತ್ತು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಡೆದುಹೋದ ಒಂದು ಸಭೆ.

ನಾವು ಧಾರವಾಡದವರು. ನನ್ನ ಗಂಡ ಶ್ರೀಪಾದರಿಗೆ ಇಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ನಾನು ಅಲ್ಲಿ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಮೂರು ವರ್ಷ ಶಾಲೆಯೊಂದರ ಕ್ಯಾಂಟೀನಿನಲ್ಲಿ ತಟ್ಟೆ ಜೋಡಿಸಿದೆ. ಅದರ ಬಗ್ಗೆ ನನಗೆ ದೂರೇನೂ ಇಲ್ಲ. ಆಮೇಲೆ ಲೈಬ್ರರಿಯ ಸ್ಥಳೀಯ ಇತಿಹಾಸದ ಕೋಣೆಯಲ್ಲಿ ಆರು ತಿಂಗಳ ಮಟ್ಟಿಗೆ ಸಹಾಯಕಿ ಬೇಕು ಎಂಬ ಪ್ರಕಟಣೆ ನೋಡಿ ಅರ್ಜಿ ಹಾಕಿದೆ. ಮಂಗಳವಾರ, ಗುರುವಾರ ಎರಡು ದಿನದ ಕೆಲಸ. ಕೋಣೆಯ ಹೊಣೆ ಹೊತ್ತ ಪಾಲೀನ್ ಐವತ್ತು ದಾಟಿದ ಹೆಂಗಸು, ತಂದೆತಾಯಿ ಬಾರ್ಬಡೋಸಿನಿಂದ ಬಂದವರು, ಕಡಿಮೆ ಮಾತು. ಮೊದಲ ದಿನ ನನ್ನ ಕೈಯಿಂದ ಪೆನ್ನು ತಗೊಂಡು ಪೆನ್ಸಿಲ್ ಕೊಟ್ಟರು. ಹಳೇ ಕಾಗದದ ಹತ್ತಿರ ಶಾಯಿ ಬರಕೂಡದು ಅನ್ನುವುದು ಆ ಕೋಣೆಯ ನಿಯಮ.

ಆ ವರ್ಷ ಬಡಾವಣೆಯ ಹಳೇ ಸಭಾಂಗಣವನ್ನು ಕೆಡವಿ ಫ್ಲ್ಯಾಟ್ ಕಟ್ಟುವುದೆಂದು ತೀರ್ಮಾನವಾಗಿತ್ತು. ಕೆಡವುವ ಮೊದಲು ಅದರ ಚರಿತ್ರೆಯ ಒಂದು ಸಣ್ಣ ಪ್ರದರ್ಶನ ಮಾಡಬೇಕು, ಫೆಬ್ರವರಿಯಲ್ಲಿ ಒಂದು ಉಪನ್ಯಾಸವೂ ಆಗಬೇಕು ಎಂದು ಪಾಲೀನ್ ಯೋಜನೆ ಹಾಕಿದ್ದರು. ಸಭಾಂಗಣದಿಂದ ಬಂದ ಎಂಟು ಪೆಟ್ಟಿಗೆ ಕಾಗದ ನನ್ನ ಪಾಲಿಗೆ ಬಂತು. ನವೆಂಬರ್ ತಿಂಗಳು. ನಾಲ್ಕು ಗಂಟೆಗೆಲ್ಲ ಕಿಟಕಿಯಾಚೆ ಕತ್ತಲೆ. ಕೆಳಗೆ ಗ್ರಾಮರ್ ಸ್ಕೂಲಿನ ಪ್ರವೇಶಪರೀಕ್ಷೆಗೆ ಓದುವ ಮಕ್ಕಳು, ಅವರನ್ನು ಕಾಯುತ್ತ ಕೂತ ನಮ್ಮ ಕಡೆಯ ತಾಯಂದಿರು. ಮೇಲೆ ನಾನು, ಪಾಲೀನ್ ಮತ್ತು ಕೆನ್.

ಕೆನ್ ಸ್ವಯಂಸೇವಕರು. ಎಪ್ಪತ್ತೆಂಟು ವಯಸ್ಸು, ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಅವರ ಮನೆತನ ನಾಲ್ಕು ತಲೆಮಾರಿನಿಂದ ಅದೇ ಬಡಾವಣೆಯಲ್ಲಿತ್ತು. ನಾನು ಹೋದ ಮೊದಲ ವಾರವೇ ಆ ಸಭಾಂಗಣದ ಅತಿ ಪ್ರಸಿದ್ಧ ಕಥೆಯನ್ನು ಹೇಳಿದರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಿಂದ ಮಿಸ್ ಅಡೀಲಿಯಾ ಥಾರ್ನ್ ಎಂಬ ಭಾಷಣಕಾರ್ತಿ ಇಂಗ್ಲೆಂಡಿಗೆ ಬಂದಿದ್ದಳು. ಅವಳ ಫೋಟೋ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು, ರೈಲು ನಿಂತಲ್ಲೆಲ್ಲ ಜನ ಸೇರುತ್ತಿದ್ದರು. ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಏನಿದೆ, ಏನಿಲ್ಲ ಎನ್ನುವುದು ಅವಳ ವಿಷಯ. ಅವಳು ಈ ಸಭಾಂಗಣಕ್ಕೆ ಬಂದ ಸಂಜೆ ಊರಿನ ಗಂಡಸರು ತಗಡು ಬಡಿದರು, ಒಣ ಬಟಾಣಿ ಎಸೆದರು. ಕೊನೆಗೆ ಮಾಂಸದಂಗಡಿಯ ಆಲ್ಬರ್ಟ್ ಎಂಬಾತ ಸಭಾಂಗಣದ ಕಬ್ಬಿಣದ ಒಲೆಯ ಮೇಲೆ ಒಂದು ಡಬ್ಬಿ ಖಾರದ ಪುಡಿ ಸುರುವಿದ. ಅಮೆರಿಕದ ಹೆಂಗಸು ಅಳುತ್ತ ಹಿಂಬಾಗಿಲಿಂದ ಓಡಿಹೋದಳು.

ಆಲ್ಬರ್ಟ್ ಕೆನ್ ಅವರ ಮುತ್ತಜ್ಜ. ಆ ಖಾರದ ಡಬ್ಬಿ ಇನ್ನೂ ಅವರ ಮನೆಯಲ್ಲಿತ್ತು. ಮುಂದಿನ ಗುರುವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಪ್ರದರ್ಶನಕ್ಕೆಂದು ಕೊಟ್ಟರು. ಮುಷ್ಟಿಗಾತ್ರದ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಮಾಸಿದ ಹೂವು. ಕ್ರಿಸ್‌ಮಸ್ ಊಟದ ದಿನ ಅದನ್ನು ಮೇಜಿನ ಮೇಲಿಟ್ಟು ಆ ಕಥೆ ಹೇಳುವುದು ಅವರ ಮನೆಯ ಪದ್ಧತಿಯಂತೆ. ಅವರು ನಗುತ್ತ ಹೇಳಿದರು, ಪಾಲೀನ್ ನಕ್ಕರು, ನಾನೂ ನಕ್ಕೆ. ಕಾದ ಕಬ್ಬಿಣದ ಮೇಲೆ ಖಾರದ ಪುಡಿ ಬಿದ್ದರೆ ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಆದರೂ ನಕ್ಕೆ.

ಡಿಸೆಂಬರ್ ಪೂರ್ತಿ ನಾನು ಆ ಕಾಲದ ಸ್ಥಳೀಯ ಪತ್ರಿಕೆ ಓದಿದೆ. ಮಿಸ್ ಥಾರ್ನ್ ಬರುವುದಕ್ಕೆ ಮೂರು ವಾರ ಮೊದಲೇ ವಾಚಕರ ಪತ್ರಗಳು ಶುರುವಾಗಿದ್ದವು. ಅವಳ ದನಿ ಗಂಡಸಿನ ಹಾಗಿದೆಯಂತೆ, ಟೋಪಿ ದೊಡ್ಡದಂತೆ. ಮದುವೆಯಾಗದವಳಿಗೆ ಮದುವೆಯ ಮಾತೇಕೆ? ಅವಳು ಹೋದ ಊರಿನಲ್ಲೆಲ್ಲ ಸಂಸಾರಗಳು ಒಡೆಯುತ್ತವಂತೆ. ಎಲ್ಲವೂ ಅಂತೆ. ಅವಳು ಬೇರೆ ಊರುಗಳಲ್ಲಿ ಮಾಡಿದ ಭಾಷಣದ ಒಂದು ವಾಕ್ಯವನ್ನೂ ಯಾರೂ ಎತ್ತಿ ಬರೆದಿರಲಿಲ್ಲ. ಸಭೆಯ ಮರುವಾರದ ವರದಿ ಬಹಳ ಉಲ್ಲಾಸದ ಶೈಲಿಯಲ್ಲಿತ್ತು. ಬಟಾಣಿ, ತಗಡು, ಕೆಮ್ಮು, ಓಟ ಎಲ್ಲವೂ ಇದ್ದವು. ಅವಳು ಏನು ಹೇಳಲು ಬಂದಿದ್ದಳು ಎನ್ನುವುದು ಅಲ್ಲಿಯೂ ಇರಲಿಲ್ಲ. ಇದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡು ಮುಂದಿನ ಪೆಟ್ಟಿಗೆ ತೆಗೆದೆ.

ಅದರಲ್ಲಿ ಸಭಾಂಗಣ ನೋಡಿಕೊಳ್ಳುತ್ತಿದ್ದವನ ಹೆಂಡತಿ ಮಿಸೆಸ್ ಪ್ರಾಟ್ ಬರೆದಿಟ್ಟ ದಿನಚರಿ ಇತ್ತು. ಯಾವ ದಿನ ಯಾರ ಸಭೆ, ಯಾವ ಕುರ್ಚಿಯ ಕಾಲು ಮುರಿಯಿತು, ಯಾವ ದೀಪ ಹೊಗೆ ಕಾರಿತು, ಇಂಥವೇ. ಅಕ್ಷರ ಇರುವೆ ಸಾಲಿನ ಹಾಗೆ. ದಿನಕ್ಕೆ ಎರಡು ಪುಟ ಬಿಡಿಸಿ ಓದುವಷ್ಟರಲ್ಲಿ ಕಣ್ಣು ಸೋಲುತ್ತಿತ್ತು. ಜನವರಿಯ ಎರಡನೇ ಮಂಗಳವಾರ, ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿದ್ದಾಗ, ಆ ಸಂಜೆಯ ಪುಟ ಸಿಕ್ಕಿತು.

ಮಿಸೆಸ್ ಪ್ರಾಟ್ ಬರೆದಿದ್ದ ಪ್ರಕಾರ, ಘಾಟೆದ್ದಾಗ ಓಡಿದ್ದು ಜನ. ಮಿಸ್ ಥಾರ್ನ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ವೇದಿಕೆಯ ಕುರ್ಚಿಯಲ್ಲಿ ಕೂತೇ ಇದ್ದಳು. ಆಮೇಲೆ ಪಕ್ಕದ ಸಾಲಿನ ಕುರ್ಚಿಗಳ ನಡುವೆ ಯಾರೋ ಬಿದ್ದಿರುವುದು ಅವಳಿಗೆ ಕಂಡಿತು. ಇಳಿದು ಬಂದಳು. ತಲೆತುಂಬ ಶಾಲು ಹೊದ್ದು, ಪಕ್ಕದ ಬಾಗಿಲಿಂದ ಒಬ್ಬಳೇ ಬಂದು ಕೂತಿದ್ದ ಹೆಂಗಸು. ಮೊದಲೇ ಎದೆ ದುರ್ಬಲ, ಉಸಿರು ಸಿಗದೆ ತುಟಿ ನೀಲಿಗಟ್ಟಿತ್ತು. ಮಿಸೆಸ್ ಪ್ರಾಟ್, ಮಿಸ್ ಥಾರ್ನ್ ಇಬ್ಬರೂ ಸೇರಿ ಅವಳನ್ನು ಅಡುಗೆಕೋಣೆಗೆ ಎತ್ತಿಕೊಂಡು ಹೋಗಿ, ಕಿಟಕಿ ತೆಗೆದು, ಬಿಸಿನೀರಿನ ಹಬೆ ಕೊಟ್ಟರು. ಬೋಗುಣಿ ಹಿಡಿದು ನಿಂತವಳು ಮಿಸ್ ಥಾರ್ನ್. ಉಸಿರು ಬಂದ ಮೇಲೆ ಆ ಹೆಂಗಸು ಹೇಳಿದ ಮೊದಲ ಮಾತು, ತಾನು ಇಲ್ಲಿಗೆ ಬಂದದ್ದನ್ನು ಗಂಡನಿಗೆ ಹೇಳಬೇಡಿ ಎಂದು. ಅವಳು ಮಾಂಸದಂಗಡಿ ಆಲ್ಬರ್ಟನ ಹೆಂಡತಿ ಹ್ಯಾನಾ.

ನೀನು ಏನು ಕೇಳಲು ಬಂದಿದ್ದೆ ಎಂದು ಮಿಸ್ ಥಾರ್ನ್ ಅವಳನ್ನು ಕೇಳಿದಳು. ಮಿಸೆಸ್ ಪ್ರಾಟ್ ಹೊರಗಿನ ಗೇಟಿಗೆ ಬೀಗ ಹಾಕಿ ಬಂದಾಗಲೂ ಇಬ್ಬರೂ ಒಲೆಯ ಹತ್ತಿರ ಕೂತು ಮಾತಾಡುತ್ತಿದ್ದರು. ಬೀದಿಯಲ್ಲಿ ಗಂಡಸರು ಹಾಡುತ್ತಿದ್ದರು. ಒಳಗಿನ ಮಾತು ಏನೆಂದು ತಾನು ಕಿವಿಗೊಡಲಿಲ್ಲ, ಅದು ತನ್ನ ಕೆಲಸವಲ್ಲ ಎಂದು ಮಿಸೆಸ್ ಪ್ರಾಟ್ ಬರೆದಿದ್ದಳು. ಮರುದಿನ ಮೂರು ಬಕೆಟ್ ಬಟಾಣಿ ಗುಡಿಸಿದಳಂತೆ.

ಓದಿ ಮುಗಿಸಿ ತಲೆಯೆತ್ತಿದೆ. ಎದುರು ಮೇಜಿನಲ್ಲಿ ಕೆನ್ ಹಳೇ ಫೋಟೋಗಳಿಗೆ ನಂಬರು ಹಚ್ಚುತ್ತಿದ್ದರು. ಏನಾದರೂ ಸಿಕ್ಕಿತೇ ಎಂದು ಕೇಳಿದರು. ಓದುವುದು ಕಷ್ಟ ಎಂದು ಹೇಳಿ ಪುಸ್ತಕ ಮುಚ್ಚಿದೆ.

ಆ ಸಂಜೆ ರೈಲಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಬೇರೆ ಸಭೆ. ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷ. ಮೈಸೂರಿನಿಂದ ವಿಶಾಲಾಕ್ಷಮ್ಮ ಎಂಬುವರು ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದಿದ್ದರು. ಆಗ ಅವರ ಹೆಸರು ಎಲ್ಲ ಪತ್ರಿಕೆಗಳಲ್ಲಿ ಇರುತ್ತಿತ್ತು. ಅವರು ಎಲ್ಲೋ ನಮ್ಮ ಕಡೆಯ ಮಾತು ಒರಟು ಅಂದರಂತೆ ಎಂದು ಹಿಂದಿನ ದಿನ ಹಾಸ್ಟೆಲಿನಲ್ಲಿ ಸುದ್ದಿ ಹಬ್ಬಿತು. ಯಾರು ಓದಿದರು, ಎಲ್ಲಿ ಓದಿದರು ಎಂದು ಯಾರೂ ಕೇಳಲಿಲ್ಲ. ಅವರು ಮೈಕ್ ಹಿಡಿದ ಕೂಡಲೇ ನೆಲಕ್ಕೆ ಕಾಲು ಬಡಿಯುವುದು ಶುರುವಾಯಿತು. ನಾನು ಬೆಂಚಿನ ಮೇಲೆ ಹತ್ತಿ ನಿಂತು "ಇಳೀರಿ ಕೆಳಗ" ಎಂದು ಕೂಗಿದೆ. ಬಹಳ ಸಂತೋಷವಾಗಿತ್ತು ಎನ್ನುವುದು ಈಗಲೂ ನೆನಪಿದೆ. ಅವರು ಹತ್ತು ನಿಮಿಷ ಕಾದರು. ಗ್ಲಾಸಿನ ನೀರು ಪೂರ್ತಿ ಕುಡಿದು, ಕಾಗದ ಮಡಚಿ ಚೀಲದಲ್ಲಿಟ್ಟು ಇಳಿದುಹೋದರು. ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದವಳು ಇದನ್ನು ಯಾರಿಗೂ ಹೇಳಿರಲಿಲ್ಲ.

ಧಾರವಾಡದಲ್ಲಿರುವ ಗೆಳತಿ ಶಾಂತಾ ಆಗ ನನ್ನ ಪಕ್ಕದಲ್ಲೇ ನಿಂತಿದ್ದಳು. ಮರುದಿನ ಅವಳಿಗೆ ಫೋನ್ ಮಾಡಿ, ಆ ಸಭೆ ನೆನಪಿದೆಯೇ ಎಂದು ಕೇಳಿದೆ.

"ನೆನಪಿಲ್ಲೇನ? ನೀ ಬೆಂಚ್ ಹತ್ತಿದ್ದಿ. ನಾ ಸೀಟಿ ಹೊಡದಿದ್ದೆ."

"ಅವರು ಏನ್ ಮಾತಾಡ್ಲಿಕ್ಕೆ ಬಂದಿದ್ರು, ಶಾಂತಾ?"

"ಗೊತ್ತಿಲ್ಲ ನೋಡು," ಅಂದಳು. "ಕೇಳ್ಸಿಕೊಂಡಿದ್ರಲ್ಲ ಗೊತ್ತಾಗೂದು."

ಕೆನ್ ಅವರಿಗೆ ಹೇಳಬೇಕೋ ಬೇಡವೋ ಎಂದು ಶ್ರೀಪಾದರ ಜೊತೆ ಊಟದ ಹೊತ್ತಿಗೆ ಮಾತಾಯಿತು. ಅವರು ಲ್ಯಾಬಿನ ಮನುಷ್ಯ, ಫಲಿತಾಂಶ ಬಂದರೆ ತಿಳಿಸಬೇಕು ಅನ್ನುವವರು. ಆ ದಿನ ಮಾತ್ರ ಅಳುಕಿದರು.

"ಹೇಳಬ್ಯಾಡ ಅನ್ನೂದಿಲ್ಲ ನಾ," ಅಂದರು. "ಆದ್ರ ಈ ವಯಸ್ಸಿನ್ಯಾಗ ಅವರ ಮನಿ ಕಥಿ ಕಸಗೊಂಡು ನಿನಗೇನ್ ಸಿಗ್ತದ?"

"ನಾ ಹೇಳ್ದಿದ್ರ ನಾಳೆ ಪ್ರದರ್ಶನದಾಗ ನಿಂತು ಓದ್ತಾರ್ರೀ ಅವರು. ಅದು ಇನ್ನೂ ಕೆಟ್ಟ."

ಮುಂದಿನ ಗುರುವಾರ ಚಹಾದ ಹೊತ್ತಿಗೆ ಕೆನ್ ಅವರನ್ನು ಸಿಬ್ಬಂದಿಯ ಅಡುಗೆಕೋಣೆಗೆ ಕರೆದೆ. ಮೊದಲು ನನ್ನ ಧಾರವಾಡದ ಸಭೆಯ ಕಥೆ ಹೇಳಿದೆ. ಯಾಕೆ ಹಾಗೆ ಶುರು ಮಾಡಿದೆನೋ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವರು ಗಮನವಿಟ್ಟು ಕೇಳಿ, ನೀನು ಏನಾದರೂ ಎಸೆದೆಯಾ ಎಂದರು.

"ಇಲ್ಲ, ಕೂಗಿದೆ ಅಷ್ಟೇ," ಅಂದೆ.

ಆಮೇಲೆ ನಾನು ನಕಲು ಮಾಡಿದ ಎರಡು ಹಾಳೆ ಅವರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮಡಚಿದರು. "ಅವನೂ ಏನೂ ಎಸೆಯಲಿಲ್ಲ. ಒಲೆಯ ಮೇಲೆ ಸುರುವಿದ ಅಷ್ಟೇ," ಅಂದರು. ನಗಲಿಲ್ಲ. ಹ್ಯಾನಾ ಬಗ್ಗೆ ಮನೆಯಲ್ಲಿ ಏನು ಹೇಳುತ್ತಿದ್ದರು ಎಂದು ಕೇಳಿದೆ. ಎದೆಯ ಕಾಯಿಲೆಯಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು ಎಂದಷ್ಟೇ ಗೊತ್ತು ಅಂದರು. ಹೇಳುತ್ತಿರುವಾಗಲೇ ಅವರ ಮುಖ ಬದಲಾಯಿತು. ಅವರಿಗೂ ನನಗೂ ಒಂದೇ ಯೋಚನೆ ಬಂದಿರಬೇಕು. ಚಹಾದ ಕಪ್ ತೊಳೆದಿಟ್ಟು, ಕೋಟು ಹಾಕಿಕೊಂಡು ಹೊರಟರು.

ಎರಡು ವಾರ ಬರಲಿಲ್ಲ. ನಾನು ಫೋನ್ ಮಾಡಲೇ ಎಂದು ಕೇಳಿದಾಗ ಪಾಲೀನ್, ಅವರ ಪಾಡಿಗೆ ಅವರನ್ನು ಬಿಡು ಎಂದರು. ಪ್ರದರ್ಶನದ ಫಲಕಗಳೆಲ್ಲ ತಯಾರಾದವು. ಖಾರದ ಡಬ್ಬಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದರ ಪಕ್ಕದ ಕಾರ್ಡನ್ನು ಖಾಲಿ ಬಿಟ್ಟೆವು. ಉಪನ್ಯಾಸ ನಾನು ಮಾಡಬೇಕೆಂದು ಪಾಲೀನ್ ಹಟ ಹಿಡಿದಿದ್ದರು. ಇಂಗ್ಲಿಷಿನಲ್ಲಿ, ಇಲ್ಲಿಯ ಜನರ ಮುಂದೆ, ಇಲ್ಲಿಯ ಚರಿತ್ರೆ. ಶ್ರೀಪಾದರನ್ನು ಸೋಫಾದ ಮೇಲೆ ಕೂರಿಸಿ ನಾಲ್ಕು ಸಲ ಓದಿ ತೋರಿಸಿದೆ. ಬಹಳ ಯೋಚಿಸಿ, ಹ್ಯಾನಾಳ ಹೆಸರು ಹೇಳದೆ ಬರೀ 'ಒಬ್ಬ ಹೆಂಗಸು' ಎಂದು ತಿದ್ದಿಕೊಂಡೆ.

ಫೆಬ್ರವರಿಯ ಆ ಶನಿವಾರ ಮಧ್ಯಾಹ್ನ ಜೋರು ಗಾಳಿ. ಕುರ್ಚಿ ಎಲ್ಲ ತುಂಬಲಿಲ್ಲ, ಆದರೂ ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದರು. ನಾನು ಎದ್ದು ನಿಂತಾಗ ಬಾಗಿಲು ತೆರೆಯಿತು. ಒದ್ದೆ ಕೋಟಿನಲ್ಲೇ ಬಂದು ಕೆನ್ ಕೊನೆಯ ಸಾಲಿನಲ್ಲಿ ಕೂತರು. ಬಟಾಣಿ, ತಗಡಿನ ಮಾತು ಬಂದಾಗ ಸಭೆ ನಕ್ಕಿತು. ಖಾರದ ಪುಡಿಗೆ ಇನ್ನೂ ಜೋರಾಗಿ ನಕ್ಕಿತು. ಅಡುಗೆಕೋಣೆಯ ಭಾಗ ಬಂದಾಗ ನಗು ನಿಂತಿತು. ಒಬ್ಬ ಹೆಂಗಸು, ಗಂಡನಿಗೆ ಹೇಳಬೇಡಿ ಎಂದು ಬೇಡಿಕೊಂಡಳು ಎಂದು ಓದಿ, ಕೆನ್ ಕಡೆ ನೋಡದೆ ಮುಗಿಸಿದೆ.

ಪ್ರಶ್ನೆಗಳಿದ್ದರೆ ಕೇಳಿ ಎಂದು ಪಾಲೀನ್ ಹೇಳಿದ ತಕ್ಷಣ ಕೆನ್ ಎದ್ದರು.

"ಆ ಹೆಂಗಸಿಗೆ ಹೆಸರಿದೆ," ಅಂದರು. "ಹ್ಯಾನಾ. ನನ್ನ ಮುತ್ತಜ್ಜಿ. ಖಾರ ಸುಟ್ಟವನ ಹೆಂಡತಿ."

ಎಲ್ಲರೂ ಹಿಂದೆ ತಿರುಗಿದರು. ಅವರು ಜೇಬಿನಿಂದ ಒಂದು ಕಾಗದ ತೆಗೆದರು, ಆದರೆ ನೋಡಿಕೊಂಡು ಓದಲಿಲ್ಲ. ಎರಡು ವಾರ ತಾನು ಹಳೇ ದಾಖಲೆ ಹುಡುಕುತ್ತಿದ್ದೆ ಎಂದರು. ಅವಳ ಸಾವಿನ ದಾಖಲೆಗಾಗಿ ಹುಡುಕಿದ್ದಂತೆ. ಆ ಸಭೆಯ ವರ್ಷದಲ್ಲಾಗಲಿ, ಅದರ ಮುಂದಿನ ವರ್ಷದಲ್ಲಾಗಲಿ ಅಂಥದ್ದು ಎಲ್ಲೂ ಇರಲಿಲ್ಲ. ಸಿಕ್ಕಿದ್ದು ಆಮೇಲಿನ ಜನಗಣತಿ. ನಗರದ ಆಚೆ ತುದಿಯ ಸ್ಟ್ರಾಟ್‌ಫರ್ಡ್‌ನ ಒಂದು ಬೀದಿಯಲ್ಲಿ ಹ್ಯಾನಾ, ಬಟ್ಟೆ ಒಗೆಯುವ ಕೆಲಸ, ಜೊತೆಗೆ ಚಿಕ್ಕ ಮಗಳು. ಗಂಡನ ಬಗ್ಗೆ ಬರೆಯುವ ಕಡೆ, ವಿಧವೆ. ಅದೇ ಜನಗಣತಿಯಲ್ಲಿ ಆಲ್ಬರ್ಟ್ ಇದೇ ಬಡಾವಣೆಯಲ್ಲಿ, ಅಂಗಡಿಯ ಮೇಲಿನ ಮನೆಯಲ್ಲಿ, ಇಬ್ಬರು ಗಂಡುಮಕ್ಕಳ ಜೊತೆ ಆರಾಮವಾಗಿ ಬದುಕಿದ್ದ.

"ಹಿರಿಯ ಮಗ ನಮ್ಮಜ್ಜ," ಎಂದು ಕೆನ್ ಮುಂದುವರಿಸಿದರು. "ಅವರು ದೊಡ್ಡವರಾದ ಮೇಲೆ ಭಾನುವಾರ ಭಾನುವಾರ ತಾಯಿಯ ಸಮಾಧಿಗೆ ಹೋಗಿಬರುತ್ತೇನೆ ಎಂದು ಸ್ಟ್ರಾಟ್‌ಫರ್ಡ್ ಕಡೆಯ ರೈಲು ಹತ್ತುತ್ತಿದ್ದರಂತೆ. ಯಾರನ್ನೂ ಜೊತೆಗೆ ಕರೆದೊಯ್ಯುತ್ತಿರಲಿಲ್ಲವಂತೆ. ನಮ್ಮಪ್ಪ ಹೇಳುತ್ತಿದ್ದರು. ಅಷ್ಟು ದೂರದ ಸಮಾಧಿ ಯಾವುದು ಎಂದು ನಾವು ಯಾರೂ ಕೇಳಲಿಲ್ಲ."

ಅಷ್ಟು ಹೇಳಿ ಕೂತರು. ಮುಂದಿನ ಸಾಲಿನ ಒಬ್ಬ ಮುದುಕಿ ಕರವಸ್ತ್ರ ತೆಗೆದಳು. ಆಮೇಲೆ ಒಬ್ಬ ಯುವತಿ, ಮಿಸ್ ಥಾರ್ನ್ ಅಂದು ಹೇಳಬೇಕೆಂದಿದ್ದ ಭಾಷಣ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದಳು. ಎಷ್ಟು ಹುಡುಕಿದರೂ ಸಿಕ್ಕಿಲ್ಲ, ಅದನ್ನು ಕೇಳಿದವಳು ಬಹುಶಃ ಹ್ಯಾನಾ ಒಬ್ಬಳೇ ಎಂದೆ. ಡಬ್ಬಿಯ ಪಕ್ಕದ ಕಾರ್ಡನ್ನು ಕೆನ್ ಅಲ್ಲೇ ಕೂತು ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಅಚ್ಚು ಹಾಕಿಸುವುದು ಬೇಡ, ಹೀಗೇ ಇರಲಿ ಎಂದು ಪಾಲೀನ್ ಅದನ್ನೇ ಇಟ್ಟರು.

ಏಪ್ರಿಲ್ ಕೊನೆಗೆ ನನ್ನ ಆರು ತಿಂಗಳು ಮುಗಿಯಿತು. ಸಭಾಂಗಣ ಕೆಡವಿದರು. ಕೆನ್ ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ಹ್ಯಾನಾಳ ಮಗಳ ಕಡೆಯವರು ಯಾರೋ ಕೆಂಟ್‌ನಲ್ಲಿ ಸಿಕ್ಕಿ, ಅವರ ಮನೆಗೆ ಹೋಗಿಬಂದ ಫೋಟೋ ನನಗೆ ಕಳಿಸಿದ್ದರು.

ನನ್ನ ಸಭೆಯ ಲೆಕ್ಕ ಉಳಿದಿತ್ತು. ವಿಶಾಲಾಕ್ಷಮ್ಮನವರು ಮೈಸೂರಿನಲ್ಲೇ ಇದ್ದಾರೆ, ಎಂಬತ್ತು ದಾಟಿದೆ, ಈಗ ಎಲ್ಲೂ ಹೋಗುವುದಿಲ್ಲ ಎಂದು ಶಾಂತಾ ವಿಚಾರಿಸಿ ವಿಳಾಸ ಕಳಿಸಿದಳು. ಮೂರು ಸಲ ಬರೆದು ಹರಿದು, ಕೊನೆಗೆ ಒಂದೇ ಪುಟದ ಪತ್ರ ಹಾಕಿದೆ. ಬೆಂಚಿನ ಮೇಲೆ ನಿಂತು ಕೂಗಿದವಳು ನಾನು, ಅಂದು ನೀವು ಏನು ಹೇಳಲು ಬಂದಿದ್ದಿರಿ ಎನ್ನುವುದು ನನಗೆ ಇಂದಿಗೂ ತಿಳಿಯದು ಎಂದು ಬರೆದೆ. ಕ್ಷಮೆ ಎನ್ನುವ ಪದ ಹಾಕಿ, ತೆಗೆದು, ಮತ್ತೆ ಹಾಕಿದೆ.

ಲೈಬ್ರರಿಯ ಕೆಲಸ ಮುಗಿದ ಆ ವರ್ಷದ ಜೂನ್‌ನಲ್ಲಿ ಉತ್ತರ ಬಂತು. ಅಲುಗಿದ ಅಕ್ಷರ, ಐದಾರು ಸಾಲು. ನಿಮ್ಮ ಕಾಲೇಜಿನ ಸಭೆ ನನಗೆ ನೆನಪಿಲ್ಲ, ಅಂಥವು ಬಹಳ ಇದ್ದವು ಎಂದು ಬರೆದಿದ್ದರು. ಆದರೆ ಆ ವರ್ಷ ಎಲ್ಲ ಕಡೆ ಯಾವ ಭಾಷಣ ಮಾಡುತ್ತಿದ್ದೆ ಎನ್ನುವುದು ನೆನಪಿದೆ. ಊರಿಗೆ ಬಂದಾಗ ಮನೆಗೆ ಬನ್ನಿ, ಹೇಳುತ್ತೇನೆ, ನಲವತ್ತು ನಿಮಿಷ ಬೇಕಾಗುತ್ತದೆ.

ಆ ಡಿಸೆಂಬರ್ ರಜೆಯಲ್ಲಿ ಹೋದೆ. ಅವರ ಸೊಸೆ ಬಾಗಿಲು ತೆಗೆದು, ಕಾಫಿ ಕೊಟ್ಟು ಒಳಗೆ ಹೋದರು. ವಿಶಾಲಾಕ್ಷಮ್ಮ ಕಿಟಕಿಯ ಹತ್ತಿರ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನನ್ನನ್ನು ಸರಿಯಾಗಿ ನೋಡಿ, "ಅದೇನಮ್ಮಾ, ನೀವು ಹಾಗೆ ಕೂಗೋರ ಥರ ಕಾಣೋದೇ ಇಲ್ವಲ್ಲ," ಅಂದರು. ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಗಂಟಲು ಸರಿಮಾಡಿಕೊಂಡು, "ಮಾನ್ಯ ಅಧ್ಯಕ್ಷರೇ," ಎಂದು ಶುರು ಮಾಡಿದರು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಆ ಭಾಷಣ. ನಲವತ್ತು ನಿಮಿಷ ಅಂದವರು ಒಂದೂಕಾಲು ತಾಸು ಮಾತಾಡಿದರು. ನಾನು ಕೊನೆಯ ತನಕ ಕೇಳಿದೆ.